ಡಿ1, ಡಿ2 ಎರಡನ್ನೂ ನಾವೇ ಬೆರೆಸಿ ತೋರಿಸಿದೆವು

ನಮ್ಮ ಮೂಳೆ ಗ್ರಾಫ್ಟ್ ಪುಟ್ಟಿಗೆ (ಮೂಳೆಯ ತೂತು ತುಂಬುವ ಮೆತ್ತನೆಯ ಪದಾರ್ಥ) ಪೇಟೆಂಟ್ ಸಿಗುವುದಿಲ್ಲ ಅಂತ ಎಲ್ಲರೂ ಹೇಳಿದ್ದರು. ಬಿಸಿಪಿ (ಎರಡು ಬಗೆಯ ಕ್ಯಾಲ್ಸಿಯಂ ಫಾಸ್ಫೇಟ್ ಸೇರಿದ್ದು) ಹಳೆಯದು, ಮೂಳೆಗೆ ಅಂಟುವ 45ಎಸ್5 ಗ್ಲಾಸ್ ಹಳೆಯದು, ಕಡಲಪಾಚಿಯ ಅಂಟು ಆಲ್ಜಿನೇಟ್ ಇನ್ನೂ ಹಳೆಯದು. ನಮ್ಮ ಪೇಟೆಂಟ್ ಏಜೆಂಟರೇ "ಕ್ಲೇಮ್ ಚಿಕ್ಕದು ಮಾಡಿ ಮುಗಿಸಿಬಿಡೋಣ ಸಾರ್" ಅಂದಿದ್ದರು (ಕ್ಲೇಮ್ ಅಂದರೆ ನಾವು ಕೇಳುವ ಹಕ್ಕಿನ ವ್ಯಾಪ್ತಿ). ಈಗ ಗ್ರಾಂಟ್ ಆಗಿದೆ, ದೊಡ್ಡ ಕ್ಲೇಮೇ.

ಎಫ್‌ಇಆರ್‌ನಲ್ಲಿ (ಪೇಟೆಂಟ್ ಕಚೇರಿಯ ಪರೀಕ್ಷಕರ ಮೊದಲ ವರದಿ) ಬಂದದ್ದು ಸಾಮಾನ್ಯವಾಗಿ ಬರುವ ಜೋಡಿ: ಪೇಟೆಂಟ್ ಕಾಯ್ದೆಯ ಕಲಂ 2(1)(ಜೆಎ) ಪ್ರಕಾರ ಇನ್ವೆಂಟಿವ್ ಸ್ಟೆಪ್ (ಸಹಜವಾಗಿ ಹೊಳೆಯದ ಹೊಸತನ) ಇಲ್ಲ, ಕಲಂ 3(ಇ) ಪ್ರಕಾರ ಬರೀ ಮಿಶ್ರಣ. ಅವರು ಎದುರಿಟ್ಟ ಹಳೆಯ ದಾಖಲೆಗಳು ಎರಡು, ಡಿ1 ಮತ್ತು ಡಿ2. ಡಿ1ರಲ್ಲಿ ಗ್ಲಾಸ್ ಸೇರಿಸಿ ಸುಟ್ಟ 60:40 ಬಿಸಿಪಿ ಗ್ರ್ಯಾನ್ಯೂಲ್ (ಸಣ್ಣ ಕಾಳು). ಡಿ2ರಲ್ಲಿ ಆಲ್ಜಿನೇಟ್ ಜೆಲ್. ಎರಡೂ ಸೇರಿಸಿದರೆ ನಿಮ್ಮದೇ ಅಲ್ವಾ ಅನ್ನುವ ಪ್ರಶ್ನೆ. ಮೊದಲ ಉತ್ತರದಲ್ಲಿ ಪುಟಗಟ್ಟಲೆ ವಾದ ಬರೆದೆವು. ಹಿಯರಿಂಗ್ ನೋಟಿಸಿನಲ್ಲಿ ಅದೇ ಆಕ್ಷೇಪ ವಾಪಸ್. ಮೂವತ್ತು ಸಾವಿರದಷ್ಟು ಫೀಸು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಆಮೇಲೆ ವಾದ ಬಿಟ್ಟು ಪರೀಕ್ಷಕರು ಹೇಳಿದ ಮಿಶ್ರಣವನ್ನೇ ಮಾಡಿದೆವು. ಡಿ1ರ ಗ್ರ್ಯಾನ್ಯೂಲ್, ಡಿ2ರ ಜೆಲ್, ಆ ದಾಖಲೆಗಳದೇ ಪ್ರಮಾಣ. ಪಕ್ಕದಲ್ಲಿ ನಮ್ಮದು. ಟೆಫ್ಲಾನ್ ತುಂಡಿನ ತೂತಿಗೆ ತುಂಬಿ 37 ಡಿಗ್ರಿಯ ಸಲೈನ್ ಹರಿಸಿದೆವು. ಡಿ1-ಡಿ2 ಪುಟ್ಟಿಯ ಅಂಚು ಹತ್ತು ನಿಮಿಷದಲ್ಲೇ ಲೋಳೆಯಾಯಿತು. ಗ್ರ್ಯಾನ್ಯೂಲ್‌ಗಳು ಒಂದೊಂದಾಗಿ ಕಳಚಿ ಕೆಳಗಿನ ಜರಡಿಗೆ ಬಿದ್ದವು. ಅರ್ಧ ಗಂಟೆಗೆ ಮೂರನೇ ಒಂದು ಪಾಲು ಹೋಯಿತು. ನಮ್ಮದರಲ್ಲಿ ಹೋದದ್ದು ಶೇಕಡಾ ಐದೋ ಆರೋ. ಕಾರಣ ಇಷ್ಟೇ: 45ಎಸ್5 ಅನ್ನು ಸುಟ್ಟರೆ ಹರಳುಗಟ್ಟುತ್ತದೆ, ಕ್ಯಾಲ್ಸಿಯಂ ನಿಧಾನವಾಗಿ ಬಿಡುತ್ತದೆ. ನಾವು ಸುಡದೆ, ನುಣ್ಣಗೆ ಪುಡಿ ಮಾಡಿ ಹಾಕಿದ್ದೆವು. ಅದರ ಕ್ಯಾಲ್ಸಿಯಂ ಆಲ್ಜಿನೇಟನ್ನು ತೂತಿನೊಳಗೇ ಹಿಡಿದು ಕಟ್ಟುತ್ತದೆ. ಗ್ಲಾಸ್ ತೆಗೆದು ಒಂದು, ಆಲ್ಜಿನೇಟ್ ತೆಗೆದು ಒಂದು ಮಾಡಿದೆವು, ಎರಡೂ ತೊಳೆದುಹೋದವು. ಎರಡೂ ಸೇರಿದರೆ ಮಾತ್ರ ನಿಲ್ಲುತ್ತದೆ, ಬರೀ ಮಿಶ್ರಣ ಅಲ್ಲ: 3(ಇ)ಗೆ ಉತ್ತರ ಫಲಿತಾಂಶದ ಅದೇ ಟೇಬಲ್‌ನಲ್ಲಿ ಸಿಕ್ಕಿತು. ಸಿರಿಂಜ್‌ನಲ್ಲೇ ಗಟ್ಟಿಯಾಗದಂತೆ ಏನು ಮಾಡಿದೆವು? ಸ್ಪೆಸಿಫಿಕೇಶನ್‌ನಲ್ಲಿದೆ (ಅರ್ಜಿಯ ಜೊತೆ ಕೊಟ್ಟ ವಿವರಣೆ), ಹುಡುಕಿಕೊಳ್ಳಿ.

ಹೊಸ ಡೇಟಾವನ್ನು ಸ್ಪೆಸಿಫಿಕೇಶನ್‌ಗೆ ತುರುಕಲು ಹೋಗಬೇಡಿ, ತಿದ್ದುಪಡಿಗೆ ಮಿತಿ ಹಾಕುವ ಕಲಂ 59 ಅಡ್ಡ ಬರುತ್ತದೆ. ನಾವು ಅದನ್ನು ಸಾಕ್ಷ್ಯವಾಗಿ ಕಲಂ 79ರ ಅಫಿಡವಿಟ್ ಮಾಡಿ ಕೊಟ್ಟೆವು. ತೊಳೆದುಹೋಗದ ಗುಣದ ಬಗ್ಗೆ ಅರ್ಜಿಯಲ್ಲಿ ಮೊದಲೇ ಒಂದು ಸಾಲು ಇದ್ದದ್ದರಿಂದ ಅದು ನಿಂತಿತು. ಹಿಯರಿಂಗ್ ಆದ 15 ದಿನದೊಳಗಿನ ಲಿಖಿತ ವಾದದಲ್ಲಿ ಅಗ್ರಿಬೋರ್ಡ್ ತೀರ್ಪನ್ನೂ ಹಾಕಿದೆವು. ಹಳೆಯದೇನು, ಹೊಸದೇನು, ಒಂದರಿಂದ ಇನ್ನೊಂದಕ್ಕೆ ಹೋಗುವುದು ಹೇಗೆ ಸಹಜ ಅಂತ ವಿವರಿಸದೆ ತಿರಸ್ಕರಿಸುವಂತಿಲ್ಲ ಅಂತ 2022ರಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ.

ಪ್ರಾಣಿಗಳ ಮೇಲಿನ ಪರೀಕ್ಷೆಗೆ ಎಂಟು ಲಕ್ಷದ ಮೇಲೆ ಕೇಳಿದ್ದರು, ಬಿಟ್ಟೆವು. ಹೊರಗಿನ ಲ್ಯಾಬಿನ ಐಸಿಪಿ (ಕ್ಯಾಲ್ಸಿಯಂನಂಥ ಧಾತುಗಳನ್ನು ಅಳೆಯುವ ಪರೀಕ್ಷೆ) ಸೇರಿ ನಮ್ಮ ಖರ್ಚು ಲಕ್ಷದ ಆಸುಪಾಸು. ನಡುವೆ ಸುಮ್ನೆ ಮಟನ್ ಅಂಗಡಿಯ ಮೂಳೆ ತಂದು 900 ಡಿಗ್ರಿಯಲ್ಲಿ ಸುಟ್ಟೆವು. ಮೂಳೆಯ ಖನಿಜವಾದ ಹೈಡ್ರಾಕ್ಸಿಅಪಟೈಟ್ ಬೆಳ್ಳಗೆ ಚೆನ್ನಾಗಿಯೇ ಬಂತು, ಆದರೆ ಬೆರಳಲ್ಲಿ ಒತ್ತಿದರೆ ಪುಡಿ. ವಾಸನೆಗೆ ಮೇಲಿನ ಮಹಡಿಯವರು ಜಗಳಕ್ಕೇ ಬಂದರು.

ಈಗ ಇದೇ ಟೇಬಲ್ ಹಿಡಿದು ಅಮೆರಿಕದ ಅರ್ಜಿಗೆ ಉತ್ತರ ಬರೆಯುತ್ತಿದ್ದೇವೆ. ಅಲ್ಲಿ ಹಳೆಯವನ್ನು ಸೇರಿಸಿದ್ದನ್ನು ಸಹಜವೆಂದು ತಿರಸ್ಕರಿಸುವುದನ್ನು ಸುಲಭ ಮಾಡಿದ, ಸುಪ್ರೀಂ ಕೋರ್ಟಿನ 2007ರ ಕೆಎಸ್‌ಆರ್ ತೀರ್ಪು ಎದುರಿಗಿದೆ. ಅಟಾರ್ನಿ ಗಂಟೆಗೆ ಕೇಳುವ ದುಡ್ಡಿನಲ್ಲಿ ಇಲ್ಲಿ ನಾಲ್ಕಾರು ಸ್ಯಾಂಪಲ್‌ಗೆ ಐಸಿಪಿ ಮಾಡಿಸಬಹುದು. ಹಾಗಾಗಿ ಡ್ರಾಫ್ಟ್ ನಾವೇ ಬರೆದು, ತಿದ್ದಲು ಮಾತ್ರ ಕಳಿಸುತ್ತಿದ್ದೇವೆ.