ಮನೆತನದ ನಕ್ಷೆ ಬರೆದು ಹುಟ್ಟುಕಿವುಡಿನ ಜಾಡು ಹಿಡಿಯುವ ಬಗೆ

ಹುಟ್ಟಿನಿಂದಲೇ ಕಿವಿ ಕೇಳಿಸದ ಮಗುವನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆತರುವವರ ಮನಸ್ಸಿನಲ್ಲಿ ‘ನಮ್ಮ ಎರಡೂ ಕಡೆ ಯಾರಿಗೂ ಹೀಗಿಲ್ಲವಲ್ಲ’ ಎಂಬ ಪ್ರಶ್ನೆ ಇರುವುದು ಸಹಜ. ಆ ಮಾತು ಪೂರ್ತಿ ನಿಜವಾಗಿದ್ದರೂ ಕಾರಣವು ವಂಶದಲ್ಲಿಯೇ ಇರಬಹುದು. ವೈದ್ಯರನ್ನು ಕಾಣುವ ಮೊದಲು ಮನೆತನದ ನಕ್ಷೆಯೊಂದನ್ನು ಬರೆದುಕೊಂಡರೆ ಇದು ಸ್ಪಷ್ಟವಾಗತೊಡಗುತ್ತದೆ.

ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಹಾಕಿ. ಶ್ರವಣದೋಷ ಇರುವವರ ಗುರುತನ್ನು ಕಪ್ಪಾಗಿ ತುಂಬಿ. ದಂಪತಿಗಳ ನಡುವೆ ಅಡ್ಡಗೆರೆ ಎಳೆದು, ಮಕ್ಕಳನ್ನು ಅದರ ಕೆಳಗೆ ಹಿರಿಯರಿಂದ ಕಿರಿಯರವರೆಗೆ ಎಡದಿಂದ ಬಲಕ್ಕೆ ಬರೆಯಿರಿ. ರಕ್ತಸಂಬಂಧದಲ್ಲಿಯೇ ಮದುವೆಯಾದವರಿಗೆ ಜೋಡಿಗೆರೆ ಎಳೆಯಬೇಕು. ಕನಿಷ್ಠ ಮೂರು ತಲೆಮಾರು ಇರಲಿ, ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳೂ ಸೇರಲಿ. ಅಜ್ಜಿಯರನ್ನು ಕೇಳದೆ ಈ ಕೆಲಸ ಮುಗಿಯದು. ಪ್ರತಿಯೊಬ್ಬರ ದೋಷವೂ ಯಾವ ವಯಸ್ಸಿನಲ್ಲಿ ತಿಳಿಯಿತು, ಅದಕ್ಕೆ ಮುಂಚೆ ಮೆದುಳುಜ್ವರ, ಶಿಶುವಿನ ತೀವ್ರ ಕಾಮಾಲೆ, ಅವಧಿಗೆ ಮುನ್ನದ ಹೆರಿಗೆ ಅಥವಾ ಗರ್ಭಿಣಿಗೆ ರುಬೆಲ್ಲಾ ಸೋಂಕು ಆಗಿತ್ತೇ ಎಂಬುದನ್ನೂ ಪಕ್ಕದಲ್ಲಿ ನಮೂದಿಸಿ. ಇಂಥ ಕಾರಣಗಳಿಂದ ಬಂದ ಕಿವುಡು ಸಾಮಾನ್ಯವಾಗಿ ವಂಶಪಾರಂಪರ್ಯದ್ದಲ್ಲ.

ಈಗ ಓದುವ ಕೆಲಸ. ಬಹುತೇಕ ವಂಶವಾಹಿಗಳು (ಹೆತ್ತವರಿಂದ ಮಕ್ಕಳಿಗೆ ಗುಣಗಳನ್ನು ಒಯ್ಯುವ ಜೀನ್‌ಗಳು) ನಮ್ಮಲ್ಲಿ ಜೋಡಿಯಾಗಿರುತ್ತವೆ. ಒಂದು ಪ್ರತಿ ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಪ್ರತಿ ತಲೆಮಾರಿನಲ್ಲೂ ಕಪ್ಪು ಗುರುತುಗಳಿದ್ದರೆ, ಒಂದೇ ಪ್ರತಿ ಕೆಟ್ಟರೂ ಕಾಣಿಸಿಕೊಳ್ಳುವ ಪ್ರಬಲ ಗುಣವನ್ನು ಶಂಕಿಸಬಹುದು. ತಂದೆತಾಯಿ ಇಬ್ಬರಿಗೂ ಕಿವಿ ಚೆನ್ನಾಗಿದ್ದು ಒಡಹುಟ್ಟಿದವರ ಸಾಲಿನಲ್ಲಿ ಮಾತ್ರ ಕಪ್ಪು ಗುರುತು ಕಂಡರೆ ಅದು ಎರಡೂ ಪ್ರತಿಗಳು ಕೆಟ್ಟಾಗ ಮಾತ್ರ ಕಾಣಿಸಿಕೊಳ್ಳುವ ದುರ್ಬಲ ಗುಣವಾಗಿರುವ ಸಂಭವ ಹೆಚ್ಚು. ಭಾರತದಲ್ಲಿಯೂ ಹುಟ್ಟುಕಿವುಡಿನ ಮುಖ್ಯ ಕಾರಣಗಳಲ್ಲೊಂದಾದ ಜಿಜೆಬಿ2 ಎಂಬ ವಂಶವಾಹಿಯ ದೋಷ ಸಾಮಾನ್ಯವಾಗಿ ಹೀಗೆಯೇ ಹರಿದುಬರುತ್ತದೆ. ಒಂದು ಪ್ರತಿ ಮಾತ್ರ ಕೆಟ್ಟವರು ವಾಹಕರು; ಅವರಿಗೆ ಕಿವಿ ಕೇಳಿಸುವುದರಿಂದ ದೋಷವು ಹಲವು ತಲೆಮಾರು ಸುಳಿವಿಲ್ಲದೆ ಸಾಗಬಲ್ಲದು. ವಾಹಕರಿಬ್ಬರ ಪ್ರತಿ ಮಗುವಿಗೂ ದೋಷ ಬರುವ ಸಂಭವ ನಾಲ್ಕರಲ್ಲಿ ಒಂದು. ತಳಿವಿಜ್ಞಾನಕ್ಕೆ ಬುನಾದಿ ಹಾಕಿದ ಗ್ರೆಗರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿ ಗಿಡಗಳ ಲೆಕ್ಕವೂ ಇದೇ. ಆದರೆ ಪ್ರತಿ ಬಸಿರಿಗೂ ಈ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಒಂದು ಮಗುವಿಗೆ ಬಂದಾಯಿತು, ಮುಂದಿನ ಮೂವರು ಪಾರು ಎನ್ನುವುದು ತಪ್ಪು.

ಮಂಡ್ಯ, ಮೈಸೂರು ಸೀಮೆಯ ನಕ್ಷೆಗಳಲ್ಲಿ ಜೋಡಿಗೆರೆಯನ್ನು ವಿಶೇಷವಾಗಿ ಗಮನಿಸಬೇಕು. ಅಕ್ಕನ ಮಗಳನ್ನು ಸೋದರಮಾವ ಮದುವೆಯಾದಾಗ, ಹುಟ್ಟುವ ಮಗುವಿನಲ್ಲಿ ಯಾವುದೇ ಒಂದು ವಂಶವಾಹಿಯ ಎರಡೂ ಪ್ರತಿಗಳು ಒಬ್ಬರೇ ಪೂರ್ವಜರ ಒಂದೇ ಪ್ರತಿಯಿಂದ ಇಳಿದುಬಂದಿರುವ ಸಂಭವ ಎಂಟರಲ್ಲಿ ಒಂದು. ಅತ್ತೆಯ ಮಗ, ಮಾವನ ಮಗಳ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಇಂಥ ದಂಪತಿಗಳ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ, ಸಂಬಂಧವಿಲ್ಲದವರಲ್ಲೂ ವಾಹಕರಿಬ್ಬರು ಜೊತೆಯಾಗಬಹುದು. ಆದ್ದರಿಂದ ಜೋಡಿಗೆರೆ ಕಂಡ ಕೂಡಲೇ ಸೊಸೆಯನ್ನೋ ಹಿರಿಯರನ್ನೋ ದೂರುವುದು ಅನ್ಯಾಯ. ಹುಟ್ಟುಕಿವುಡರಿಬ್ಬರು ಮದುವೆಯಾಗಿ ಮಕ್ಕಳಿಗೆಲ್ಲ ಕಿವಿ ಕೇಳಿಸುವುದೂ ಉಂಟು. ಒಬ್ಬೊಬ್ಬರಲ್ಲಿ ಕೆಟ್ಟಿರುವ ವಂಶವಾಹಿ ಬೇರೆಬೇರೆಯಾಗಿದ್ದರೆ, ಮಗುವಿಗೆ ಪ್ರತಿಯೊಂದರದೂ ಒಂದು ಒಳ್ಳೆಯ ಪ್ರತಿ ಸಿಕ್ಕಿರುತ್ತದೆ.

ತಾಯಿಯ ಅಣ್ಣತಮ್ಮಂದಿರು ಮತ್ತು ಗಂಡುಮಕ್ಕಳಲ್ಲಿ ಮಾತ್ರ ಕಪ್ಪು ಗುರುತಿದ್ದರೆ ಎಕ್ಸ್ ವರ್ಣತಂತುವಿನ (ವಂಶವಾಹಿಗಳನ್ನು ಹೊತ್ತ, ಹೆಂಗಸರಲ್ಲಿ ಎರಡು, ಗಂಡಸರಲ್ಲಿ ಒಂದೇ ಇರುವ ಎಳೆ) ದೋಷವಿರಬಹುದು. ಅದು ತಂದೆಯಿಂದ ಮಗನಿಗೆ ಇಳಿಯುವುದಿಲ್ಲ. ನಾಲಿಗೆ ಸುರುಳಿ ಮಾಡುವುದು, ಕಿವಿಯ ಹಾಲೆಯ ಆಕಾರ ಇವನ್ನು ಇದೇ ರೀತಿ ಓದಲು ಹೋಗಬೇಡಿ; ಶಾಲೆಯಲ್ಲಿ ಉದಾಹರಣೆಯಾಗಿ ಹೇಳಿಕೊಡುವ ಈ ಲಕ್ಷಣಗಳು ಒಂದೇ ವಂಶವಾಹಿಯ ಲೆಕ್ಕಕ್ಕೆ ಸಿಕ್ಕುವುದಿಲ್ಲ.

ನಕ್ಷೆಯಿಂದ ಸಿಗುವುದು ಊಹೆ ಮಾತ್ರ. ಖಚಿತಪಡಿಸಲು ರಕ್ತದ ವಂಶವಾಹಿ ಪರೀಕ್ಷೆ ಬೇಕು. ಸಾಧ್ಯವಾದರೆ ಮೊದಲು ಶ್ರವಣದೋಷವಿರುವ ಮಗುವಿಗೆ, ಆಮೇಲೆ ತಂದೆತಾಯಿಗೆ ಮಾಡಿಸಿ, ಮತ್ತೊಂದು ಮಗು ಬೇಕೆನ್ನುವವರು ಬಸಿರಿಗೆ ಮುಂಚೆಯೇ ಈ ಹಾಳೆಯೊಂದಿಗೆ ತಳಿವಿಜ್ಞಾನ ಸಲಹೆಗಾರರನ್ನು ಕಾಣುವುದು ಒಳ್ಳೆಯದು.