ಮೊದಲು ಉರಿ ನೋಡಿ, ಆಮೇಲೆ ಸ್ಕ್ರೂ ಮುಟ್ಟಿ

ಹೋಟೆಲ್‌ಗೆ ಒಲೆ ರಿಪೇರಿಗೆ ಅಂತ ಹೋದರೆ ನಾನು ಮೊದಲು ಸಾಂಬಾರ್ ಪಾತ್ರೆ ಎತ್ತಿ ತಳ ನೋಡುತ್ತೇನೆ. ಬೆರಳಿಗೆ ಅಂಟುವಷ್ಟು ಮಸಿ ಇದ್ದರೆ ಅರ್ಧ ವಿಷಯ ಗೊತ್ತಾಯಿತು. ಗಾಳಿ ಸಾಲುತ್ತಿಲ್ಲ, ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ. 19 ಕೆಜಿ ಸಿಲಿಂಡರ್‌ಗೆ ಕೊಟ್ಟ ದುಡ್ಡು ಮಸಿಯಾಗಿ ಹೋಗುತ್ತಿದೆ. ದುಡ್ಡು ಹೋಗಲಿ, ಅಂಥ ಉರಿಯಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಭಟ್ಟರು ದಿನಾ ತಲೆನೋವು ಅಂದರೆ ದಯವಿಟ್ಟು ಉರಿ ನೋಡಿ.

ಗ್ಯಾಸ್ ಬಂದ್ ಮಾಡಿ, ಒಲೆ ಆರಿದ ಮೇಲೆ ಬರ್ನರ್ ಬಿಚ್ಚಿ. ತೂತುಗಳಲ್ಲಿ ಉಕ್ಕಿದ ಹಾಲು, ದೋಸೆ ಹಿಟ್ಟು ಕಟ್ಟಿಕೊಂಡಿರುತ್ತದೆ. ಕೊಳವೆಯೊಳಗೆ ಜೇಡರ ಬಲೆ ಇದ್ದರೂ ಗಾಳಿ ತಡೆಯುತ್ತದೆ. ಬ್ರಷ್ ಹಾಕಿ ತೊಳೆದು, ಪೂರ್ತಿ ಒಣಗಿಸಿ ಜೋಡಿಸಿ. ಎಷ್ಟೋ ಒಲೆಗಳು ಇಷ್ಟಕ್ಕೇ ಸರಿಹೋಗುತ್ತವೆ.

ಆಗಲಿಲ್ಲವಾ? ಬರ್ನರ್ ಕೊಳವೆಯ ಬಾಯಲ್ಲಿ, ಜೆಟ್ (ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಹಿತ್ತಾಳೆ ತುಂಡು) ಹತ್ತಿರ, ಬಳೆಯ ಹಾಗೆ ತಿರುಗುವ ತಗಡು ಇರುತ್ತದೆ. ಅದು ಏರ್ ಶಟರ್. ಸ್ಕ್ರೂ ಸಡಿಲಿಸಿ, ಒಲೆ ಹಚ್ಚಿ, ನಿಧಾನಕ್ಕೆ ತೆರೆಯುತ್ತಾ ಹೋಗಿ. ಹಳದಿ ತುದಿ ಕುಗ್ಗುತ್ತಾ ಬಂದು, ಪ್ರತಿ ತೂತಿನ ಮೇಲೂ ಚೂಪಾದ ನೀಲಿ ಮೊಗ್ಗು ನಿಲ್ಲುತ್ತದೆ. ಅಲ್ಲಿಗೆ ಸಾಕು. ಇನ್ನೂ ತೆರೆದರೆ ಉರಿ ಬರ್ನರ್ ಬಿಟ್ಟು ಮೇಲೆದ್ದು ಬುಸುಗುಡುತ್ತದೆ. ಇಲ್ಲವೇ ‘ಟಪ್’ ಅಂತ ಒಳಗೆ ನುಗ್ಗಿ ಜೆಟ್ ಹತ್ತಿರವೇ ಉರಿಯುತ್ತದೆ. ಹಾಗಾದರೆ ತಕ್ಷಣ ವಾಲ್ವ್ ಮುಚ್ಚಿ, ಆರಲು ಬಿಟ್ಟು, ಶಟರ್ ಸ್ವಲ್ಪ ಹಿಂದಕ್ಕೆ ತನ್ನಿ. ಹೈನಲ್ಲೂ ಸಿಮ್‌ನಲ್ಲೂ ಉರಿ ನಿಂತರೆ ಮಾತ್ರ ಸ್ಕ್ರೂ ಬಿಗಿ ಮಾಡಿ. ಕಸ ಗುಡಿಸುವಾಗ ಕಿತ್ತಳೆ ಬಣ್ಣದ ಕಿಡಿ ಕಂಡರೆ ಅದು ಬರೀ ಧೂಳು. ಅದಕ್ಕೋಸ್ಕರ ಶಟರ್ ಮುಟ್ಟಬೇಡಿ.

ಜೆಟ್‌ಗೆ ಸ್ಟೀಲ್ ಪಿನ್ ಹಾಕಲೇಬೇಡಿ. ಒಂದು ಕಡೆ ಹುಡುಗನೊಬ್ಬ ತಂತಿ ತೂರಿಸಿ ಚೆನ್ನಾಗಿ ತಿರುವಿಬಿಟ್ಟಿದ್ದ. ಹಿತ್ತಾಳೆ ಮೆತ್ತಗಿರುತ್ತದೆ, ತೂತು ದೊಡ್ಡದಾಗಿತ್ತು. ಶಟರ್ ಪೂರ್ತಿ ತೆರೆದರೂ ಉರಿ ಹಳದಿಯೇ. ಅದೇ ಅಳತೆಯ ಹೊಸ ಜೆಟ್ ಹಾಕಿದ ಮೇಲೇ ನೀಲಿಗೆ ಬಂತು.

ಏನೇ ಬಿಚ್ಚಿ ಜೋಡಿಸಿದರೂ ಜಾಯಿಂಟ್‌ಗಳಿಗೆ ಸೋಪಿನ ನೊರೆ ಹಚ್ಚಿ ನೋಡಿ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಕೂರುತ್ತದೆ. ಲೀಕ್ ಆದರೆ ಸ್ವಿಚ್ ಮುಟ್ಟದೆ ಎಲ್ಲರೂ ಹೊರಗೆ ಬಂದು ಗ್ಯಾಸ್ ಲೀಕ್ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಇನ್ನು ಥರ್ಮೋಸ್ಟಾಟ್, ಅಂದರೆ ಬರ್ನರ್ ಆರಿಸಿ ಹತ್ತಿಸಿ ಫ್ರೈಯರ್ ಎಣ್ಣೆಯ ಬಿಸಿಯನ್ನು ಒಂದೇ ಮಟ್ಟದಲ್ಲಿಡುವ ಭಾಗ. ದೋಸೆ ಕಾವಲಿಗೆ ನೀರು ಚಿಮುಕಿಸಿದರೆ ಕಾವು ಗೊತ್ತಾಗುತ್ತದೆ, ಫ್ರೈಯರ್‌ಗೆ ಆ ಲೆಕ್ಕ ನಡೆಯುವುದಿಲ್ಲ. ವಡೆ ಹೊರಗೆ ಕಪ್ಪಗೆ, ಒಳಗೆ ಹಸಿ ಆಗುತ್ತಿದ್ದರೆ ಮೊದಲು ಎಣ್ಣೆಯ ನಿಜವಾದ ಬಿಸಿ ಅಳೆಯಿರಿ. ಅದಕ್ಕೂ ಮುಂಚೆ ಥರ್ಮಾಮೀಟರನ್ನೇ ಪರೀಕ್ಷಿಸಿ. ಕುದಿಯುವ ನೀರಿನಲ್ಲಿ ಮಂಗಳೂರಿನಲ್ಲಿ 100 ಡಿಗ್ರಿ ತೋರಿಸಬೇಕು. ಬೆಂಗಳೂರು ಎತ್ತರದಲ್ಲಿದೆ ಅಲ್ವಾ, ಇಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಆಮೇಲೆ ಚೆನ್ನಾಗಿ ಒರೆಸಿ ಎಣ್ಣೆಗೆ ಇಳಿಸಿ. ಒಂದು ಹನಿ ನೀರಿದ್ದರೂ ಎಣ್ಣೆ ಸಿಡಿಯುತ್ತದೆ.

ನಾಬ್ 175ಕ್ಕೆ ಇಟ್ಟು, ಬರ್ನರ್ ಮೂರು ಸಲ ಆರಿ ಹತ್ತುವವರೆಗೂ ಕಾಯಿರಿ. ಆರುವಾಗ 188, ಹತ್ತುವಾಗ 176 ಇದ್ದರೆ ನಡುವಿನ 182 ಲೆಕ್ಕಕ್ಕೆ ಹಿಡಿಯಿರಿ. ಅಂದರೆ 7 ಡಿಗ್ರಿ ಜಾಸ್ತಿ. ಆದರೂ ಸ್ಕ್ರೂಗೆ ಕೈ ಹಾಕಬೇಡಿ. ಎಣ್ಣೆ ಆರಿದ ಮೇಲೆ ಖಾಲಿ ಮಾಡಿ, ಒಳಗೆ ಎಣ್ಣೆಯ ಬಿಸಿ ಗ್ರಹಿಸುವ ಪೆನ್ಸಿಲ್‌ನಂಥ ಬಲ್ಬ್ ನೋಡಿ. ನಾನು ನೋಡಿದ ಒಂದರ ಮೇಲೆ ಸುಟ್ಟ ಎಣ್ಣೆ ಉಗುರಿನಷ್ಟು ದಪ್ಪ ಕಟ್ಟಿ, ತಾಮ್ರವೇ ಕಾಣುತ್ತಿರಲಿಲ್ಲ. ಬಿಸಿ ಒಳಗೆ ತಡವಾಗಿ ಮುಟ್ಟುವುದರಿಂದ ಬರ್ನರ್ ಕೂಡ ತಡವಾಗಿ ಆರುತ್ತದೆ. ಮರದ ಸೌಟಿನಿಂದ ಕೆರೆಯಿರಿ, ಚಾಕು ಬೇಡ. ಬಲ್ಬಿಗೆ ಸೇರಿದ ಸಣ್ಣ ಕೊಳವೆ ಮಡಚಿದರೆ ಥರ್ಮೋಸ್ಟಾಟ್ ಕೆಟ್ಟಂತೆಯೇ.

ಕ್ಲೀನ್ ಮಾಡಿ ಮತ್ತೆ ಅಳೆದರೂ ವ್ಯತ್ಯಾಸ ಹಾಗೇ ಇದ್ದರೆ ನಾಬ್ ಎಳೆದು ತೆಗೆಯಿರಿ. ಕೆಲವು ಮಾಡೆಲ್‌ಗಳಲ್ಲಿ ನಾಬ್ ಕೂರುವ ದಂಡದ ನಡುವೆ ಪುಟ್ಟ ಸ್ಕ್ರೂ ಇರುತ್ತದೆ. ಮೊದಲಿದ್ದ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ದಂಡ ಅಲುಗದಂತೆ ಹಿಡಿದು ಕಾಲು ಸುತ್ತಿಗಿಂತ ಕಮ್ಮಿ ತಿರುಗಿಸಿ. ಮತ್ತೆ ಮೂರು ಸಲ ಕಾಯಿರಿ. ಸ್ಕ್ರೂ ಮೇಲೆ ಬಣ್ಣದ ಸೀಲ್ ಇದ್ದರೆ ಕಂಪನಿಯವರನ್ನೇ ಕರೆಸಿ. ಪಕ್ಕದಲ್ಲಿರುವ ಹೈ ಲಿಮಿಟ್‌ನ ತಂಟೆಗೆ ಯಾವತ್ತೂ ಹೋಗಬೇಡಿ. ಥರ್ಮೋಸ್ಟಾಟ್ ಕೈಕೊಟ್ಟ ದಿನ ಎಣ್ಣೆ ಹೊತ್ತಿಕೊಳ್ಳುವ ಮುಂಚೆ ಗ್ಯಾಸ್ ನಿಲ್ಲಿಸುವುದು ಅದೊಂದೇ.