ಹುಲ್ಲು ನೋಡೋಕೂ ಜನ ಬರ್ತಾರೆ

ಹೋದ ನವೆಂಬರಿನಲ್ಲಿ ಮೂರು ಭಾನುವಾರ ನಮ್ಮ ಗೋಮಾಳದ ನಡಿಗೆ ಪೂರ್ತಿ ಭರ್ತಿ. ತಲೆಗೆ 600 ರೂಪಾಯಿ, ಹನ್ನೆರಡೇ ಜನ. "ದನ ಮೇಯೋ ಜಾಗ ನೋಡೋಕೆ ಬೆಂಗಳೂರಿಂದ ಯಾರಪ್ಪ ಬರ್ತಾರೆ?" ಅಂತ ನಕ್ಕಿದ್ದ ಗೆಳೆಯನೇ ತನ್ನ ಭಾವನ ಮನೆಯವರಿಗೆ ಎರಡು ಜಾಗ ಕೇಳಿದ. ಕೊಟ್ಟೆ. ದುಡ್ಡು ಪೂರ್ತಿ ಇಸ್ಕೊಂಡೇ ಕೊಟ್ಟೆ.

ಮಧುಗಿರಿ ಕಡೆಯವರಿಗೆ ಮೈದನಹಳ್ಳಿಯ ಕೃಷ್ಣಮೃಗಗಳ ಆಸರೆ ಇದೆ. ಆ ಹುಲ್ಲುಗಾವಲು 800 ಎಕರೆ ಹತ್ತಿರ ಇದೆ, 2007ರಲ್ಲಿ ಜಯಮಂಗಲಿ ಹೆಸರಿನಲ್ಲಿ ಮೀಸಲಾಯಿತು. ನಾನೂ ಜಿಂಕೆ ತೋರಿಸ್ತೀನಿ ಅಂತಲೇ ಶುರು ಮಾಡಿದ್ದು. ಎಡವಿದ್ದೂ ಅಲ್ಲೇ. ಜಿಂಕೆ ದೂರದಲ್ಲಿ ಓಡಿದರೆ ಜನಕ್ಕೆ ಬೇಜಾರು, ಕಾಣದಿದ್ದರೆ ಸಿಟ್ಟು. ಬಾಡಿಗೆ ವ್ಯಾನು, ಇಡ್ಲಿ, ಕಾಫಿ ಎಲ್ಲ ಸೇರಿ ಮೊದಲ ವರ್ಷ 14-15 ಸಾವಿರ ಕೈಬಿಟ್ಟಿತು.

ಎರಡನೇ ವರ್ಷ ನಮ್ಮೂರಿನ ಗೋಮಾಳಕ್ಕೇ ಬಂದೆ. ಗಿಡಗಳ ಹೆಸರು ಬರೆದು 60 ಕಾರ್ಡು ಲ್ಯಾಮಿನೇಟ್ ಮಾಡಿಸಿ ಕಡ್ಡಿಗೆ ಸಿಕ್ಕಿಸಿದೆ. ಮೂರೂವರೆ ಸಾವಿರ ಖರ್ಚು. ಬಂದವರು ಗಿಡ ಬಿಟ್ಟು ಕಾರ್ಡಿನ ಫೋಟೋ ತೆಗೆದುಕೊಂಡು ಹೋದರು! ಒಂದು ಬೆಳಿಗ್ಗೆ ಕುರಿಮಂದೆ ನುಗ್ಗಿ ಅರ್ಧ ಕಾರ್ಡು ತುಳಿದು ಹಾಕಿತು. ಹಿಂದೆಯೇ ಬಂದ ಕುರಿ ಕಾಯುವ ತಾತ ಉಳಿದದ್ದನ್ನು ನೋಡಿ, "ಇದೇನ್ ಸಾಮಿ, ಗರಿಕೆಗೂ ಬೋರ್ಡು?" ಅಂದರು.

ಮುಂದಿನ ವಾರ ಅವರನ್ನೇ ಮುಂದೆ ಬಿಟ್ಟೆ. ದಿನಕ್ಕೆ 800. ನಾನು ಹಿಂದೆ.

ಮೊದಲು ನಾಲ್ಕು ಕಿಲೋಮೀಟರ್ ನಡೆಸುತ್ತಿದ್ದೆ. ಈಗ ಅರ್ಧ ಕಿಲೋಮೀಟರ್ ದಾಟುವುದೇ ಜಾಸ್ತಿ, ಅದಕ್ಕೆ ಮೂರು ಗಂಟೆ ಬೇಕು. ತಾತ ವಿಷ್ಣುಕ್ರಾಂತಿ, ನೆಗ್ಗಿಲು, ಉತ್ತರಾಣಿ ಅಂತ ಹೇಳಿ ಸುಮ್ಮನಾಗುವವರಲ್ಲ. ಯಾವುದನ್ನು ಕುರಿ ಮೊದಲು ಕಡಿಯುತ್ತೆ, ಯಾವುದನ್ನು ಮೂಸಿ ಬಿಡುತ್ತೆ ಅಂತಲೂ ಹೇಳುತ್ತಾರೆ. ಊಬಿನ ಹುಲ್ಲು ಎಳೆಯದಾಗಿರುವಾಗ ಒಳ್ಳೆ ಮೇವು. ಊಬು, ಅಂದರೆ ಬಾಲ ಇರುವ ಅದರ ಚೂಪು ಬೀಜ, ಬಲಿತ ಮೇಲೆ ಅವರು ಮಂದೆಯನ್ನು ಆ ಕಡೆ ಬಿಡುವುದಿಲ್ಲ. ಉಣ್ಣೆಗೆ ಸಿಕ್ಕಿಕೊಂಡು ಚರ್ಮಕ್ಕೂ ಇಳಿಯುತ್ತೆ.

ಹಿಂದೆ ನನಗೆ ಬೈಗುಳ ತಂದದ್ದೂ ಇದೇ ಊಬು. ಪ್ಯಾಂಟು, ಕಾಲುಚೀಲ ಎಲ್ಲ ಮುಳ್ಳು ಮುಳ್ಳು. ಈಗ ಅದೇ ನನ್ನ ದೊಡ್ಡ ಆಟ. ಕಾಲುಚೀಲದಿಂದ ಒಂದು ಊಬು ಕಿತ್ತು ಅವರದೇ ಅಂಗೈ ಮೇಲೆ ಇಟ್ಟು, ಬಾಟಲಿ ಮುಚ್ಚಳದಿಂದ ಎರಡು ಹನಿ ನೀರು ಬಿಡುತ್ತೇನೆ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಹುರಿ ಹಾಕಿದ ಹಗ್ಗದಂತಿದ್ದ ಕಂದು ಬಾಲ ಬಿಚ್ಚಿಕೊಳ್ಳುತ್ತಾ ತಿರುಗತೊಡಗುತ್ತದೆ. ಚೂಪು ಮೂತಿ ಅಂಗೈ ಕೆರೆಯುತ್ತದೆ. ಒಣಗಿದರೆ ಮತ್ತೆ ಹುರಿಯಾಗುತ್ತದೆ. ಬೀಜ ಮಣ್ಣಿಗೆ ತಿರುಪು ಹಾಕಿಕೊಳ್ಳುವುದು ಹೀಗೇ. ದೊಡ್ಡ ದೊಡ್ಡವರೂ "ಅಯ್ಯೋ, ಜೀವ ಇದೆ" ಅಂತ ಕೈ ಕೊಡವಿದ್ದಾರೆ.

"ಇಷ್ಟೊಂದು ಜಾಗ ಖಾಲಿ ಇದೆ, ಮರ ನೆಡಬಾರದಾ?" ಈ ಪ್ರಶ್ನೆ ಬಾರದ ನಡಿಗೆಯೇ ಇಲ್ಲ. ದಾಖಲೆಯಲ್ಲೂ ಇಂಥ ಎಷ್ಟೋ ನೆಲ ಖರಾಬು ಅಂತಲೇ ಇರುತ್ತದೆ, ಅವರ ತಪ್ಪೇನಿದೆ? ಮೊದಲೆಲ್ಲ ವಾದ ಮಾಡುತ್ತಿದ್ದೆ. ಈಗ ನಾಲ್ಕು ಮೀಟರ್ ಹಗ್ಗ ಕೈಗೆ ಕೊಟ್ಟು ಒಂದು ಚೌಕ ಹಾಕಿಸುತ್ತೇನೆ. ಒಳಗೆ ಎಷ್ಟು ಬಗೆ ಇದೆ ಅವರೇ ಎಣಿಸಬೇಕು. ಮಳೆಗಾಲದ ಕೊನೆಯಲ್ಲಿ 15ಕ್ಕೆ ಕಡಿಮೆ ಬಂದದ್ದು ನೆನಪಿಲ್ಲ, ಒಮ್ಮೆ 22 ಬಂತು. ಅದೇ ಹಗ್ಗವನ್ನು ಪಕ್ಕದ ನೀಲಗಿರಿ ತೋಪಿನಲ್ಲಿ ಹಾಕಿದರೆ ಮೂರೋ ನಾಲ್ಕೋ. ಹಗ್ಗದ ಬೆಲೆ 40 ರೂಪಾಯಿ.

ನಡುವೆ ಒಂದು ಹುಚ್ಚೂ ಮಾಡಿದೆ. ಊಬಿನ ಹುಲ್ಲನ್ನು ಕುಂಡದಲ್ಲಿ ಬೆಳೆಸಿ ಬಂದವರಿಗೆ ಮಾರೋಣ ಅಂತ ಡಿಸೆಂಬರಿನಲ್ಲಿ ಬೀಜ ಆರಿಸಿ ಕೂಡಲೇ ಹಾಕಿದೆ. 30 ಕುಂಡದಲ್ಲಿ ಎರಡು ಮೊಳಕೆ. ಮನೆಯಾಕೆ ಇವತ್ತಿಗೂ ಆಡಿಕೊಳ್ಳುತ್ತಾಳೆ. ಅಟ್ಟದ ಮೇಲೆ ಕಾಗದದ ಚೀಲದಲ್ಲಿ ಮರೆತಿದ್ದ ಬೀಜವನ್ನು ಮುಂದಿನ ಜುಲೈನಲ್ಲಿ ಸುಮ್ನೆ ಚೆಲ್ಲಿದರೆ ದಟ್ಟವಾಗಿ ಬಂತು. ಹೊಸ ಬೀಜಕ್ಕೆ ಕೆಲವು ತಿಂಗಳು ನಿದ್ದೆ ಬೇಕು. ಮಾರಾಟ ಮಾತ್ರ ಆಗಲಿಲ್ಲ. ಹುಲ್ಲು ನೋಡೋಕೆ ಕೊಡುವ ದುಡ್ಡನ್ನು ಹುಲ್ಲು ಒಯ್ಯೋಕೆ ಯಾರೂ ಕೊಡುವುದಿಲ್ಲ.

ಹುಳ ಹಿಡಿಯುವ ಡ್ರಾಸೆರಾ ಗಿಡ ಇರುವ ತೇವದ ಜಾಗ ಒಂದಿದೆ, ಅಂಗಳದಷ್ಟಗಲ. ಎಲ್ಲಿ ಅಂತ ಕೇಳಬೇಡಿ. ಎಷ್ಟು ಹೊತ್ತಿಗೆ, ಯಾವ ದಿಕ್ಕಿನಿಂದ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಅನ್ನುವುದೂ ನನ್ನಲ್ಲೇ ಇರಲಿ. ಅರ್ಧ ಗಿರಾಕಿಗಳು ಎರಡನೇ ಸಲ ಬರುವುದು ಅದಕ್ಕೇ.

ಎಲ್ಲ ಕಳೆದು ಒಂದು ಭಾನುವಾರಕ್ಕೆ ಐದು ಸಾವಿರದ ಆಸುಪಾಸು ಉಳಿಯುತ್ತಿತ್ತು. ಈ ವರ್ಷ ತಾತ 1,200 ಕೇಳಿದ್ದಾರೆ. ಕೊಡದೆ ಗತಿಯಿಲ್ಲ. ಡಿಸೆಂಬರಿನಲ್ಲಿ ನನಗೆ ಜ್ವರ ಬಂದು ಮಲಗಿದ್ದಾಗ ಒಬ್ಬರೇ ನಡೆಸಿದರು, ಒಬ್ಬರೂ ದುಡ್ಡು ವಾಪಸ್ ಕೇಳಲಿಲ್ಲ.